ಮೀನಾ ಕುಮಾರಿ: ನಿದ್ದೆಗೆಂದು ಶುರುವಾದ ಬ್ರಾಂದಿ, ಸೋತುಹೋದ ಲಿವರ್, ಮತ್ತು ಇಂದು ಬ್ಯಾಂಡಿಂಗ್ ಬಗ್ಗೆ ಹರಿದಾಡುವ ಭಯ

ಸಾರಾಂಶ

ಲಿವರ್ ಕಾಯಿಲೆ ಇರುವವರ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿಕೊಂಡಾಗ ವೈದ್ಯರು ಎಂಡೋಸ್ಕೋಪಿ ಮೂಲಕ ಅವುಗಳಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಇದನ್ನು ಹಾಕಿಸಿಕೊಂಡರೆ ಒಳಗೆ ಹುಣ್ಣಾಗುತ್ತದೆ, ಮತ್ತೆ ರಕ್ತ ಬರುತ್ತದೆ, ಆದ್ದರಿಂದ ಹಾಕಿಸಲೇಬೇಡಿ ಎಂಬ ಮಾತು ಬಾಯಿಂದ ಬಾಯಿಗೆ, ಫೋನಿಂದ ಫೋನಿಗೆ ಹೋಗುತ್ತಿರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಹುಣ್ಣಾಗುವುದು ನಿಜ. ಹಾಕಿಸಬೇಡಿ ಎನ್ನುವುದು ತಪ್ಪು ಮತ್ತು ಅಪಾಯಕಾರಿ. ಯಾಕೆ ಎಂದು ತಿಳಿಯಲು ಲಿವರ್ ಸಿರೋಸಿಸ್‌ನಿಂದ 38ನೇ ವಯಸ್ಸಿಗೇ ತೀರಿಕೊಂಡ ನಟಿ ಮೀನಾ ಕುಮಾರಿಯವರ ಬದುಕನ್ನು ಇಲ್ಲಿ ಹೇಳುತ್ತಿದ್ದೇವೆ. ಅವರು ಬದುಕಿದ್ದ ಕಾಲದಲ್ಲಿ ಈ ಬ್ಯಾಂಡಿಂಗ್ ಇರಲೇ ಇಲ್ಲ.

ಮಹಜಬೀನ್ ಮೀನಾ ಆದದ್ದು ಹೇಗೆ?

ಮೀನಾ ಕುಮಾರಿಯವರ ನಿಜವಾದ ಹೆಸರು ಮಹಜಬೀನ್ ಬಾನೋ. ಹುಟ್ಟಿದ್ದು 1933ರ ಆಗಸ್ಟ್ 1ರಂದು, ಬೊಂಬಾಯಿಯಲ್ಲಿ. ತಂದೆ ಅಲಿ ಬಕ್ಷ್ ಪಾರ್ಸಿ ರಂಗಭೂಮಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ತಾಯಿ ಇಕ್ಬಾಲ್ ಬೇಗಂ ರಂಗನಟಿ, ನರ್ತಕಿ. ಮನೆಯಲ್ಲಿ ಬಡತನ. ಮೂವರು ಹೆಣ್ಣುಮಕ್ಕಳಲ್ಲಿ ಇವರು ಎರಡನೆಯವರು.

ಶಾಲೆಗೆ ಹೋಗುವ ವಯಸ್ಸಿಗೆ ಸ್ಟುಡಿಯೋಗೆ ಹೋದರು. 1939ರಲ್ಲಿ ತೆರೆಕಂಡ 'ಲೆದರ್‌ಫೇಸ್' ಅವರ ಮೊದಲ ಚಿತ್ರ. ನಿರ್ದೇಶಕ ವಿಜಯ್ ಭಟ್ ಮಗುವಿಗೆ ಬೇಬಿ ಮೀನಾ ಎಂಬ ಹೆಸರು ಕೊಟ್ಟರು. ಆ ಮಗುವಿನ ದುಡಿಮೆಯೇ ಮನೆಯ ಆಧಾರವಾಯಿತು. ಆಟಕ್ಕೆ, ಓದಿಗೆ, ವಿಶ್ರಾಂತಿಗೆ ಬಿಡುವು ಸಿಗದ ಬದುಕು ಅಲ್ಲಿಂದಲೇ ಶುರುವಾಯಿತು. ಹೀಗಿದ್ದರೂ ಅವರು ಉರ್ದು ಚೆನ್ನಾಗಿ ಓದಿಕೊಂಡರು, ನಾಜ್ ಎಂಬ ಕಾವ್ಯನಾಮದಲ್ಲಿ ಕವಿತೆ ಬರೆದರು. 1971ರಲ್ಲಿ ತಮ್ಮ ಕವಿತೆಗಳನ್ನು ತಾವೇ ಹಾಡಿದ ಧ್ವನಿಮುದ್ರಿಕೆಯೂ ಬಂತು.

ಎಡಗೈ ಮುಚ್ಚಿದ ದುಪಟ್ಟಾ

1951ರ ಮೇ ತಿಂಗಳಲ್ಲಿ ಮಹಾಬಲೇಶ್ವರದಿಂದ ಬೊಂಬಾಯಿಗೆ ವಾಪಸಾಗುವಾಗ ಅವರಿದ್ದ ಕಾರು ಅಪಘಾತಕ್ಕೀಡಾಯಿತು. ಎಡಗೈಯ ಕಿರುಬೆರಳಿಗೆ ಶಾಶ್ವತ ಊನ ಉಳಿಯಿತು. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅವರು ತಿಂಗಳುಗಟ್ಟಲೆ ಇದ್ದಾಗ ನಿರ್ದೇಶಕ ಕಮಾಲ್ ಅಮ್ರೋಹಿ ನೋಡಲು ಬರುತ್ತಿದ್ದರು. 1952ರ ಫೆಬ್ರವರಿ 14ರಂದು ಇಬ್ಬರೂ ಯಾರಿಗೂ ತಿಳಿಸದೆ ಮದುವೆಯಾದರು. ಅವರಿಗಾಗ 18 ವರ್ಷ. ಅಮ್ರೋಹಿಯವರಿಗೆ ಅದಾಗಲೇ ಸಂಸಾರವಿತ್ತು.

ಅದೇ ವರ್ಷ 'ಬೈಜು ಬಾವ್ರಾ' ಬಂತು. ಆ ಚಿತ್ರಕ್ಕಾಗಿ ಅವರು ಫಿಲ್ಮ್‌ಫೇರ್‌ನ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಪಡೆದ ಮೊದಲಿಗರಾದರು. 'ಪರಿಣೀತಾ', 'ಸಾಹಿಬ್ ಬೀಬಿ ಔರ್ ಗುಲಾಮ್', 'ಕಾಜಲ್' ಸೇರಿ ಒಟ್ಟು ನಾಲ್ಕು ಬಾರಿ ಈ ಪ್ರಶಸ್ತಿ ಅವರದಾಯಿತು. 1963ರಲ್ಲಂತೂ ಆ ವಿಭಾಗಕ್ಕೆ ನಾಮಕರಣಗೊಂಡ ಮೂರೂ ಹೆಸರು ಅವರದೇ, ಮೂರು ಬೇರೆ ಬೇರೆ ಚಿತ್ರಗಳಿಗೆ. ಇಷ್ಟು ಚಿತ್ರಗಳಲ್ಲಿ ನೋಡಿದವರಿಗೂ ಅವರ ಎಡಗೈ ಬೆರಳು ಗೊತ್ತಾಗಲಿಲ್ಲ. ದುಪಟ್ಟಾ ಅಥವಾ ಸೆರಗಿನಲ್ಲಿ ಅದನ್ನು ಮುಚ್ಚಿಯೇ ನಟಿಸುತ್ತಿದ್ದರು. ನೋವನ್ನು ಹೊರಗೆ ತೋರಿಸದೆ ದುಡಿಯುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.

ನಿದ್ದೆಗೆ ಒಂದು ಪೆಗ್: ಇದು ಔಷಧಿಯೇ?

ಅವರಿಗೆ ನಿದ್ದೆ ಬಾರದ ತೊಂದರೆ ಬಹಳ ಕಾಲದಿಂದ ಇತ್ತು. ನಿದ್ದೆ ಮಾತ್ರೆಗಳ ಬದಲು ರಾತ್ರಿ ಒಂದು ಸಣ್ಣ ಪೆಗ್ ಬ್ರಾಂದಿ ತೆಗೆದುಕೊಳ್ಳುವಂತೆ ವೈದ್ಯರೊಬ್ಬರು ಹೇಳಿದರು ಎಂದು ಅವರ ಜೀವನಚರಿತ್ರೆಗಳು ದಾಖಲಿಸುತ್ತವೆ. ಅದು 1960ರ ದಶಕದ ಆರಂಭ. ಅದೇ ಹೊತ್ತಿಗೆ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರದಲ್ಲಿ ಗಂಡನನ್ನು ಉಳಿಸಿಕೊಳ್ಳಲು ಹೋಗಿ ಕುಡಿತಕ್ಕೆ ಬೀಳುವ ಛೋಟಿ ಬಹೂ ಪಾತ್ರವನ್ನು ಅವರು ಮಾಡಿದರು. 1964ರಲ್ಲಿ ಅಮ್ರೋಹಿಯವರಿಂದ ಬೇರೆಯಾದರು. ಒಂದು ಪೆಗ್ ಅಲ್ಲಿಗೇ ನಿಲ್ಲಲಿಲ್ಲ.

ಪಾತ್ರವೇ ಅವರನ್ನು ಕುಡಿತಕ್ಕೆ ಎಳೆಯಿತು, ವಿರಹವೇ ಕೊಂದಿತು ಎಂದು ಬರೆಯುವುದು ಸುಲಭ. ಶೇರ್ ಆಗುವುದೂ ಅದೇ. ಆದರೆ ವಿಜ್ಞಾನದ ಕಣ್ಣಿನಲ್ಲಿ ಇಲ್ಲಿ ನಡೆದದ್ದು ಬೇರೆ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ನಿಜ. ಕೆಲವೇ ಗಂಟೆಗಳಲ್ಲಿ ಅದರ ಪ್ರಭಾವ ಇಳಿದಾಗ ನಿದ್ದೆ ತುಂಡಾಗುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆ. ದೇಹ ಅದಕ್ಕೆ ಒಗ್ಗಿಕೊಂಡಂತೆ ಅದೇ ಅಳತೆಗೆ ನಿದ್ದೆ ಬರುವುದಿಲ್ಲ. ಅಳತೆ ಏರುತ್ತದೆ. ನಮ್ಮಲ್ಲಿ ಸಿಗುವ ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ 60 ಮಿಲಿ ಪೆಗ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ಅದು ವೈದ್ಯರ ಚೀಟಿಯಿಂದ ಬಂದಿರಲಿ, ಬಾರ್‌ನಿಂದ ಬಂದಿರಲಿ, ಲಿವರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಮ್ಮ ಕಡೆ ಇವತ್ತಿಗೂ ನೆಗಡಿಗೆ ಬ್ರಾಂದಿ, ಬಾಣಂತಿಗೆ ಬ್ರಾಂದಿ, ಮೈಕೈ ನೋವಿಗೆ ಬ್ರಾಂದಿ ಎನ್ನುವವರು ಇದ್ದಾರೆ. ಬ್ರಾಂದಿ ಯಾವ ಕಾಯಿಲೆಗೂ ಮದ್ದಲ್ಲ. ಮಕ್ಕಳಿಗಂತೂ ಒಂದು ಚಮಚವೂ ಬೇಡ.

1968: ಲಂಡನ್‌ನಲ್ಲಿ ಯಾರು ನೋಡಿದರು?

1968ರಲ್ಲಿ ಅವರ ಆರೋಗ್ಯ ಪೂರ್ತಿ ಕೆಟ್ಟಿತು. ಪತ್ತೆಯಾದದ್ದು ಲಿವರ್ ಸಿರೋಸಿಸ್. ಅಂದರೆ ಮೆತ್ತಗಿರಬೇಕಾದ ಲಿವರ್ ಗಾಯದ ಕಲೆಗಳಿಂದ ತುಂಬಿ, ಗಟ್ಟಿಯಾಗಿ, ಗಂಟುಗಂಟಾಗುವುದು. ಆ ವರ್ಷ ಜೂನ್‌ನಲ್ಲಿ ಅವರು ಚಿಕಿತ್ಸೆಗಾಗಿ ಲಂಡನ್‌ಗೆ ಹೋದರು. ಅಲ್ಲಿ ಅವರನ್ನು ನೋಡಿದವರು ಡಾ. ಶೀಲಾ ಶೆರ್ಲಾಕ್ ಎಂದು ಜೀವನಚರಿತ್ರೆಗಳು ಹೇಳುತ್ತವೆ.

ಶೆರ್ಲಾಕ್ ಸಾಮಾನ್ಯ ವೈದ್ಯೆಯಲ್ಲ. 1955ರಲ್ಲಿ ಬಂದ ಅವರ ಲಿವರ್ ಕಾಯಿಲೆಗಳ ಪಠ್ಯಪುಸ್ತಕವನ್ನು ಜಗತ್ತಿನಾದ್ಯಂತ ವೈದ್ಯರು ಓದಿದರು. 1959ರಲ್ಲಿ ಲಂಡನ್‌ನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಪ್ರೊಫೆಸರ್ ಆದಾಗ, ಬ್ರಿಟನ್ನಿನಲ್ಲಿ ಮೆಡಿಸಿನ್ ಪ್ರೊಫೆಸರ್ ಆದ ಮೊದಲ ಮಹಿಳೆ ಅವರೇ. ಅಂದರೆ ಆ ಕಾಲಕ್ಕೆ ಸಿಗಬಹುದಾದ ಅತ್ಯುತ್ತಮ ಕೈ ಮೀನಾ ಕುಮಾರಿಯವರಿಗೆ ಸಿಕ್ಕಿತ್ತು. ಚೇತರಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಅವರು ದೇಶಕ್ಕೆ ಮರಳಿದರು. ವೈದ್ಯರು ವಿಶ್ರಾಂತಿ ಹೇಳಿದ್ದರು. ಅವರು ಕೆಲವೇ ದಿನಗಳಲ್ಲಿ ಮತ್ತೆ ಚಿತ್ರೀಕರಣಕ್ಕೆ ಹೋದರು.

ಲಿವರ್ ಕೆಟ್ಟರೆ ಅನ್ನನಾಳದಲ್ಲಿ ರಕ್ತನಾಳ ಯಾಕೆ ಉಬ್ಬುತ್ತದೆ?

ಕೆರೆಯ ಉದಾಹರಣೆ ತೆಗೆದುಕೊಳ್ಳೋಣ. ತೂಬು ಚೆನ್ನಾಗಿದ್ದರೆ ಕೆರೆಯ ನೀರು ತೂಬಿನಿಂದ ಗದ್ದೆಗೆ ಸಲೀಸಾಗಿ ಹೋಗುತ್ತದೆ. ತೂಬು ಕಟ್ಟಿಕೊಂಡರೆ ನೀರಿನ ಮಟ್ಟ ಏರುತ್ತದೆ, ಏರಿಯಲ್ಲಿ ಎಲ್ಲಿ ಮಣ್ಣು ಸಡಿಲವೋ ಅಲ್ಲಿ ಜಿನುಗಲು ಶುರುವಾಗುತ್ತದೆ.

ಹೊಟ್ಟೆ, ಕರುಳು, ಗುಲ್ಮದಿಂದ ಬರುವ ರಕ್ತವೆಲ್ಲ ಲಿವರ್ ಮೂಲಕವೇ ಹೃದಯಕ್ಕೆ ಹೋಗಬೇಕು. ಲಿವರ್ ಗಟ್ಟಿಯಾದಾಗ ಈ ದಾರಿ ಕಟ್ಟಿಕೊಳ್ಳುತ್ತದೆ. ರಕ್ತದ ಒತ್ತಡ ಏರುತ್ತದೆ. ರಕ್ತ ಬೇರೆ ದಾರಿ ಹುಡುಕಿ ಅನ್ನನಾಳದ ಕೆಳತುದಿಯ ಮತ್ತು ಹೊಟ್ಟೆಯ ಮೇಲ್ತುದಿಯ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅಷ್ಟು ರಕ್ತ ತಡೆಯುವ ಶಕ್ತಿ ಅವುಗಳಿಗಿಲ್ಲ. ಅವು ಉಬ್ಬಿ, ಗೋಡೆ ತೆಳುವಾಗುತ್ತದೆ. ಇದಕ್ಕೆ ವೈದ್ಯರು ವೇರಿಸಸ್ ಎನ್ನುತ್ತಾರೆ. ಸಿರೋಸಿಸ್ ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇವು ಇರುತ್ತವೆ. ಒಡೆಯುವವರೆಗೆ ನೋವಿಲ್ಲ, ಸೂಚನೆಯಿಲ್ಲ. ಒಡೆದರೆ ಬಾಯಿಯಿಂದ ರಕ್ತ ವಾಂತಿಯಾಗಬಹುದು, ಮಲ ಡಾಂಬರಿನಂತೆ ಕಪ್ಪಾಗಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಇದು ಕುಡುಕರಿಗೆ ಮಾತ್ರ ಬರುವುದಲ್ಲ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್‌ನಿಂದಲೂ ಬರುತ್ತದೆ. ಲಿವರ್‌ಗೆ ರಕ್ತ ತರುವ ನಾಳವೇ ಕಟ್ಟಿಕೊಂಡ ಮಕ್ಕಳಲ್ಲೂ ಕಾಣುತ್ತದೆ. ಒಂದು ತೊಟ್ಟೂ ಮುಟ್ಟದ ಹೆಂಗಸಿಗೆ ಈ ಕಾಯಿಲೆ ಬಂದಾಗ ಊರವರು ಗುಸುಗುಸು ಮಾತಾಡುವುದು ಅನ್ಯಾಯ. ಕುಡಿದೇ ಬಂದಿದ್ದರೂ ಚಿಕಿತ್ಸೆ ಪಡೆಯುವ ಹಕ್ಕು ಕಡಿಮೆಯಾಗುವುದಿಲ್ಲ.

ಆ ಕಾಲದ ವೈದ್ಯರ ಕೈಯಲ್ಲಿ ಏನಿತ್ತು?

ಹೆಚ್ಚೇನೂ ಇರಲಿಲ್ಲ. 1939ರಲ್ಲಿ ಸ್ವೀಡನ್ನಿನ ಕ್ರಾಫೂರ್ಡ್ ಮತ್ತು ಫ್ರೆಂಕ್ನರ್ ಎಂಬ ವೈದ್ಯರು ಉಬ್ಬಿದ ನಾಳಗಳಿಗೆ ಕೊಳವೆ ಮೂಲಕ ಇಂಜೆಕ್ಷನ್ ಕೊಟ್ಟು ಅವನ್ನು ಒಣಗಿಸುವ ಪ್ರಯತ್ನ ಮಾಡಿದ್ದರು. ಆದರೆ ಆಗಿನ ಕೊಳವೆ ಬಾಗದ ಲೋಹದ್ದು. ಹಾಕುವುದೇ ಅಪಾಯ. ಹಾಗಾಗಿ ಆ ವಿಧಾನ ಬಹುಕಾಲ ಮೂಲೆಗೆ ಬಿತ್ತು. 1950ರಲ್ಲಿ ಸೆಂಗ್ಸ್ಟಾಕನ್ ಮತ್ತು ಬ್ಲೇಕ್‌ಮೋರ್ ಎಂಬುವರು ಬಲೂನ್ ಇರುವ ನಳಿಕೆ ತಂದರು. ಅದನ್ನು ಒಳಗೆ ಇಳಿಸಿ, ಊದಿ, ರಕ್ತ ಬರುವ ಜಾಗವನ್ನು ಒತ್ತಿ ಹಿಡಿಯುತ್ತಿದ್ದರು. ಅದು ತಾತ್ಕಾಲಿಕ. ಬಲೂನ್ ಇಳಿಸಿದ ಮೇಲೆ ಮತ್ತೆ ರಕ್ತ ಬರುವುದು ಸಾಮಾನ್ಯವಾಗಿತ್ತು. ಇನ್ನುಳಿದದ್ದು ದೊಡ್ಡ ಶಸ್ತ್ರಚಿಕಿತ್ಸೆ. ಸೋತ ಲಿವರ್ ಅದನ್ನು ತಡೆದುಕೊಳ್ಳುವುದೇ ಕಷ್ಟ.

ಮೀನಾ ಕುಮಾರಿಯವರು ಲಂಡನ್‌ನಿಂದ ಬಂದ ಮರುವರ್ಷ ಅಮೆರಿಕದಲ್ಲಿ ನಡೆದದ್ದನ್ನು ನೋಡಿ. ಖ್ಯಾತ ಲೇಖಕ ಜಾಕ್ ಕೆರೊವಾಕ್ ಅವರಿಗೂ ಕುಡಿತದಿಂದ ಸಿರೋಸಿಸ್ ಆಗಿತ್ತು. 1969ರ ಅಕ್ಟೋಬರ್ 20ರಂದು ಮನೆಯಲ್ಲಿ ಕೂತಿದ್ದವರಿಗೆ ರಕ್ತವಾಂತಿಯಾಯಿತು. ಅನ್ನನಾಳದ ಉಬ್ಬಿದ ನಾಳ ಒಡೆದಿತ್ತು. ಫ್ಲೋರಿಡಾದ ಆಸ್ಪತ್ರೆಯಲ್ಲಿ ಬಾಟಲಿ ಬಾಟಲಿ ರಕ್ತ ಕೊಟ್ಟರು, ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಮಾರನೆಯ ದಿನ ಅವರು ತೀರಿಕೊಂಡರು. ವಯಸ್ಸು 47. ಶ್ರೀಮಂತ ದೇಶ, ದೊಡ್ಡ ಆಸ್ಪತ್ರೆ ಇದ್ದೂ ರಕ್ತ ನಿಲ್ಲಿಸುವ ಸಾಧನ ಇರಲಿಲ್ಲ.

'ಪಾಕೀಜಾ' ಮತ್ತು ಕೊನೆಯ ದಿನಗಳು

ಅಮ್ರೋಹಿಯವರು 1950ರ ದಶಕದಲ್ಲೇ ಕನಸು ಕಂಡು, ಅರ್ಧಕ್ಕೆ ನಿಂತುಹೋಗಿದ್ದ 'ಪಾಕೀಜಾ' ಚಿತ್ರ 1969ರ ಮಾರ್ಚ್‌ನಲ್ಲಿ ಮತ್ತೆ ಶುರುವಾಯಿತು. ದೂರವಾದ ಗಂಡನ ಚಿತ್ರವನ್ನು ಮುಗಿಸಿಕೊಡಲು ಕಾಯಿಲೆಯ ಹೆಂಡತಿ ಒಪ್ಪಿದರು. ನಿಲ್ಲಲು ಶಕ್ತಿಯಿಲ್ಲದ ದಿನಗಳಲ್ಲೂ ಸೆಟ್‌ಗೆ ಬಂದರು. ನೃತ್ಯದ ಕೆಲವು ಭಾಗಗಳನ್ನು ಪದ್ಮಾ ಖನ್ನಾ ಅವರ ಬದಲಿಗೆ ಮಾಡಿಕೊಟ್ಟರು. ಈ ನಡುವೆ ಗುಲ್ಜಾರ್ ನಿರ್ದೇಶನದ ಮೊದಲ ಚಿತ್ರ 'ಮೇರೆ ಅಪ್ನೆ'ಯಲ್ಲಿ ಮುದುಕಿಯ ಪಾತ್ರವನ್ನೂ ಮಾಡಿದರು.

1972ರ ಫೆಬ್ರವರಿ ಮೊದಲ ವಾರ 'ಪಾಕೀಜಾ' ತೆರೆಕಂಡಿತು. ಮರಾಠಾ ಮಂದಿರದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಅವರು ಬಂದಿದ್ದರು. ಮಾರ್ಚ್ 28ರಂದು ಬೊಂಬಾಯಿಯ ಸೇಂಟ್ ಎಲಿಜಬೆತ್ ನರ್ಸಿಂಗ್ ಹೋಂಗೆ ಸೇರಿಸಬೇಕಾಯಿತು. ಕೋಮಾಕ್ಕೆ ಜಾರಿದರು. ಮಾರ್ಚ್ 31, ಗುಡ್ ಫ್ರೈಡೇ ದಿನ ತೀರಿಕೊಂಡರು. ಮಜಗಾಂವ್‌ನ ರೆಹಮತಾಬಾದ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರ ಸಾವಿನ ನಂತರ 'ಪಾಕೀಜಾ' ನೋಡಲು ಜನ ಮುಗಿಬಿದ್ದರು.

ಅವರ ನಂತರ ಬಂದ ಬದಲಾವಣೆ

ಬದಲಾವಣೆಯ ಬೀಜ ಅವರು ನಟಿಸುತ್ತಿದ್ದಾಗಲೇ ಬಿದ್ದಿತ್ತು. 1954ರಲ್ಲಿ ಪಂಜಾಬಿನ ನರಿಂದರ್ ಸಿಂಗ್ ಕಪಾನಿ ತಮ್ಮ ಗುರು ಹಾಪ್‌ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದು ಎಂದು ತೋರಿಸಿದ್ದರು. 1957ರಲ್ಲಿ ಬೇಸಿಲ್ ಹಿರ್ಶೊವಿಟ್ಜ್ ಇದೇ ತತ್ವದಿಂದ ಬಾಗುವ ಎಂಡೋಸ್ಕೋಪ್ ಮಾಡಿದರು. ಇದು ಎಲ್ಲ ಕಡೆ ಹರಡಲು ವರ್ಷಗಳೇ ಬೇಕಾದವು. 1970ರ ದಶಕದಲ್ಲಿ ಇಂಜೆಕ್ಷನ್ ವಿಧಾನಕ್ಕೆ ಮರುಜೀವ ಬಂತು. ಇದೇ ಸ್ಕ್ಲೆರೋಥೆರಪಿ. 1980ರ ದಶಕದಲ್ಲಿ ಅಮೆರಿಕದ ಕೊಲರಾಡೋದಲ್ಲಿ ಡಾ. ಗ್ರೆಗ್ ಸ್ಟೀಗ್ಮನ್, ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕುವ ಹಳೆಯ ಉಪಾಯವನ್ನು ಅನ್ನನಾಳಕ್ಕೆ ತಂದರು. ಉಬ್ಬಿದ ನಾಳವನ್ನು ಎಂಡೋಸ್ಕೋಪ್‌ನ ತುದಿಗೆ ಎಳೆದುಕೊಂಡು ಬುಡಕ್ಕೆ ಪುಟ್ಟ ಬ್ಯಾಂಡ್ ಬಿಗಿಯುವುದೇ ಬ್ಯಾಂಡಿಂಗ್.

ಎರಡರಲ್ಲಿ ಯಾವುದು ಒಳ್ಳೆಯದು? 1992ರಲ್ಲಿ ಸ್ಟೀಗ್ಮನ್ ಮತ್ತು ಸಂಗಡಿಗರು 129 ರೋಗಿಗಳ ಅಧ್ಯಯನ ಪ್ರಕಟಿಸಿದರು. ಇಂಜೆಕ್ಷನ್ ಪಡೆದವರಲ್ಲಿ ಶೇ 22ರಷ್ಟು ಮಂದಿಗೆ ತೊಡಕುಗಳಾದರೆ, ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಅದು ಶೇ 2. ಸಾವು ಶೇ 45ರ ಎದುರು ಶೇ 28. ಇದಾದ ಮೇಲೆ ಅನ್ನನಾಳಕ್ಕೆ ಬ್ಯಾಂಡಿಂಗ್ ಮೊದಲ ಆಯ್ಕೆಯಾಯಿತು. ಜೊತೆಗೆ ಲಿವರ್‌ಗೆ ರಕ್ತ ತರುವ ನಾಳದೊಳಗಿನ ಒತ್ತಡ ತಗ್ಗಿಸುವ ಇಂಜೆಕ್ಷನ್, ಆ್ಯಂಟಿಬಯಾಟಿಕ್ ಸೇರಿದವು. ಫ್ರಾನ್ಸಿನ ಒಂದು ಆಸ್ಪತ್ರೆಯಲ್ಲಿ ಇಂಥ ರಕ್ತಸ್ರಾವದಿಂದ ದಾಖಲಾದವರಲ್ಲಿ 1980ರಲ್ಲಿ ನೂರಕ್ಕೆ ಸುಮಾರು 42 ಮಂದಿ ಸಾಯುತ್ತಿದ್ದರು. 2000ದ ಹೊತ್ತಿಗೆ ಅದು ಸುಮಾರು 14ಕ್ಕೆ ಇಳಿದಿತ್ತು.

ಹಾಗಾದರೆ ಅಡ್ಡಪರಿಣಾಮ ಇಲ್ಲವೇ?

ಇವೆ. ಮುಚ್ಚಿಡುವಂಥದ್ದೇನೂ ಇಲ್ಲ.

*ಸಾಮಾನ್ಯವಾಗಿ ಆಗುವಂಥವು:* ಎರಡು ಮೂರು ದಿನ ಎದೆಯ ನಡುವೆ ನೋವು ಅಥವಾ ಬಿಗಿತ, ನುಂಗುವಾಗ ತೊಂದರೆ, ಗಂಟಲು ಕೆರೆತ. ಇವು ತಾವಾಗಿಯೇ ಕಡಿಮೆಯಾಗುತ್ತವೆ.

*ಹುಣ್ಣು:* ಬ್ಯಾಂಡ್ ಬಿಗಿದ ನಾಳ ಒಣಗಿ, ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಬ್ಯಾಂಡ್ ಸಮೇತ ಉದುರಿ ಮಲದಲ್ಲಿ ಹೋಗುತ್ತದೆ. ಒಳಗೇ ಉಳಿದುಬಿಡುತ್ತದೆ ಎನ್ನುವುದು ಸುಳ್ಳು. ಉದುರಿದ ಜಾಗದಲ್ಲಿ ಸಣ್ಣ ಹುಣ್ಣಾಗುತ್ತದೆ. ಇದು ಚಿಕಿತ್ಸೆ ಕೆಲಸ ಮಾಡುವ ರೀತಿಯೇ ಹೊರತು ಎಡವಟ್ಟಲ್ಲ. ಹೆಚ್ಚಿನವರಲ್ಲಿ ತಾನಾಗಿ ಮಾಯುತ್ತದೆ. ಕೆಲವರಲ್ಲಿ ಮಾತ್ರ ಆ ಹುಣ್ಣಿನಿಂದ ರಕ್ತ ಬರಬಹುದು. ಲಿವರ್ ತೀರಾ ಕೆಟ್ಟಿರುವವರಲ್ಲಿ ಈ ಅಪಾಯ ಹೆಚ್ಚು.

*ಅಪರೂಪದವು:* ಅನ್ನನಾಳ ಕಿರಿದಾಗುವುದು, ಸೋಂಕು, ವಾಂತಿ ಅಥವಾ ರಕ್ತ ಶ್ವಾಸಕೋಶಕ್ಕೆ ಹೋಗುವುದು, ಅನ್ನನಾಳ ತೂತಾಗುವುದು.

ಇಂಜೆಕ್ಷನ್ ವಿಧಾನದಲ್ಲಿ ಜ್ವರ, ಆಳವಾದ ಹುಣ್ಣು, ಅನ್ನನಾಳ ಕಿರಿದಾಗುವುದು, ಎದೆಗೂಡಿನಲ್ಲಿ ನೀರು ತುಂಬುವುದು ಇನ್ನೂ ಹೆಚ್ಚಾಗಿ ಕಾಣುತ್ತಿದ್ದವು. ಇಂಥ ಹಳೆಯ ಅನುಭವಗಳನ್ನೇ ಬ್ಯಾಂಡಿಂಗ್‌ಗೂ ಅಂಟಿಸಿ ಹೇಳಿದಾಗ ಭಯ ದೊಡ್ಡದಾಗುತ್ತದೆ. ಹೊಟ್ಟೆಯೊಳಗಿನ ಉಬ್ಬಿದ ನಾಳಗಳಿಗೆ ಬಳಸುವ ಅಂಟಿನ ಇಂಜೆಕ್ಷನ್ ಬೇರೆಯೇ ಚಿಕಿತ್ಸೆ. ಅದರ ಅಪಾಯಗಳೂ ಬೇರೆ.

ಬ್ಯಾಂಡ್ ಹಾಕಿಸಿಕೊಂಡ ಮೇಲೆ ಏನು ಮಾಡಬೇಕು?

- ಮೊದಲ ದಿನ ತಣ್ಣಗಿನ ದ್ರವಾಹಾರ, ಆಮೇಲೆ ಕೆಲವು ದಿನ ಗಂಜಿ, ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ. ನಮ್ಮ ಮಾಗಡಿ ಸೀಮೆಯಲ್ಲಿ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ವೈದ್ಯರು ಸರಿ ಎನ್ನುವವರೆಗೆ ಅದು ಬೇಡ. ಚಕ್ಕುಲಿ, ನಿಪ್ಪಟ್ಟು, ಗಟ್ಟಿ ರೊಟ್ಟಿಯೂ ಬೇಡ.
- ನೋವಿಗೆ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಇವು ರಕ್ತಸ್ರಾವ ಹೆಚ್ಚಿಸಬಹುದು. ಯಾವ ಮಾತ್ರೆ, ಎಷ್ಟು ಎಂದು ವೈದ್ಯರನ್ನೇ ಕೇಳಿ.
- ಪ್ರೊಪ್ರನಲಾಲ್ ಅಥವಾ ಕಾರ್ವೆಡಿಲಾಲ್ ಬರೆದುಕೊಟ್ಟಿದ್ದರೆ ಹುಷಾರಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ.
- ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೆಲವು ವಾರಗಳ ಅಂತರದಲ್ಲಿ ಎರಡು, ಮೂರು, ನಾಲ್ಕು ಸಲ ಬೇಕಾಗಬಹುದು. ಮೊದಲ ಸಲದ ನೋವಿಗೆ ಹೆದರಿ ಎರಡನೆಯದನ್ನು ಬಿಟ್ಟರೆ ಉಳಿದ ನಾಳಗಳು ಒಡೆಯಬಹುದು.
- ಮದ್ಯ ಪೂರ್ತಿ ಬಿಡಬೇಕು. ಬ್ಯಾಂಡ್ ಸೋರುವ ಜಾಗವನ್ನು ಮುಚ್ಚುತ್ತದೆ, ಕಟ್ಟಿಕೊಂಡ ತೂಬನ್ನು ತೆರೆಯುವುದಿಲ್ಲ.

ಯಾವಾಗ ಓಡಬೇಕು?

ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ತಲೆಸುತ್ತಿ ಬೀಳುವುದು, ಜ್ವರ, ಉಸಿರಾಟದ ತೊಂದರೆ, ತಡೆಯಲಾಗದ ಎದೆನೋವು, ಗೊಂದಲದ ಮಾತು. ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಗುಡೇಮಾರನಹಳ್ಳಿಯಂಥ ಊರಿನವರಿಗೆ ಇದು ಇನ್ನೂ ಮುಖ್ಯ. ಎಂಡೋಸ್ಕೋಪಿ ಇರುವ ದೊಡ್ಡ ಆಸ್ಪತ್ರೆ ಎಂದರೆ ಬೆಂಗಳೂರಿನ ದಾರಿ ಹಿಡಿಯಬೇಕು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹೊಟ್ಟೆ, ಕರುಳು ಮತ್ತು ಲಿವರ್ ಕಾಯಿಲೆಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ. ಇಂಥ ರಕ್ತಸ್ರಾವವಾದಾಗ 12 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು ಎಂಬುದು ವೈದ್ಯರ ಮಾರ್ಗಸೂಚಿ. ನಾಟಿ ಔಷಧಿ, ನಿಂಬೆರಸ, ಉಪ್ಪುನೀರು ಎಂದು ಮನೆಯಲ್ಲಿ ಕಳೆಯುವ ಪ್ರತಿ ಗಂಟೆಯೂ ಈ ಲೆಕ್ಕದಿಂದಲೇ ಹೋಗುತ್ತದೆ. ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ ಡ್ರಿಪ್, ಇಂಜೆಕ್ಷನ್ ಶುರು ಮಾಡಿಸಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಹಳೆಯ ರಿಪೋರ್ಟುಗಳ ಫೈಲ್ ಕೈಗೆ ಸಿಗುವ ಕಡೆಯೇ ಇರಲಿ.

ಕೊನೆಯದಾಗಿ

ಬ್ಯಾಂಡಿಂಗ್‌ನಿಂದ ಹುಣ್ಣಾಗುತ್ತದೆ ಎನ್ನುವುದು ಸತ್ಯ. ಆದ್ದರಿಂದ ಅದನ್ನು ಮಾಡಿಸಬಾರದು ಎನ್ನುವುದು ಸುಳ್ಳು. ಅಡ್ಡಪರಿಣಾಮವನ್ನು ತೂಗಬೇಕಾದದ್ದು ಆರೋಗ್ಯವಂತ ಮನುಷ್ಯನ ಸ್ಥಿತಿಯ ಜೊತೆಗಲ್ಲ, ಆ ನಾಳ ಒಡೆದರೆ ಆಗುವ ಅನಾಹುತದ ಜೊತೆಗೆ. ಮೀನಾ ಕುಮಾರಿಯವರಿಗೆ ಹೆಸರಿತ್ತು, ಜಗತ್ತಿನ ದೊಡ್ಡ ಲಿವರ್ ತಜ್ಞೆಯೂ ಇದ್ದರು. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗುವ ಈ ಚಿಕಿತ್ಸೆ ಮಾತ್ರ ಅವರ ಕಾಲಕ್ಕೆ ಎಲ್ಲಿಯೂ ಇರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡನೇ ಸಲ ಬ್ಯಾಂಡ್ ಹಾಕಿಸಲು ದಿನಾಂಕ ಕೊಟ್ಟಿದ್ದರೆ, ಆ ದಿನ ತಪ್ಪಿಸಬೇಡಿ. ಭಯವಿದ್ದರೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರನ್ನೇ ಕೇಳಿ. ಫಾರ್ವರ್ಡ್ ಮಾಡುವುದಿದ್ದರೆ ಮೇಲೆ ಹೇಳಿದ ಅಪಾಯದ ಲಕ್ಷಣಗಳನ್ನು ಮಾಡಿ. ಈ ಲೇಖನ ಮಾಹಿತಿಗಾಗಿ ಮಾತ್ರ, ವೈದ್ಯರ ಸಲಹೆಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ.